ಸೆಕೆಂಡ್ ಹ್ಯಾಂಡ್ ಬೆಂಜ್ ಕೊಳ್ಳುವ ಮುನ್ನ

(ಕನ್ನಡ ಕೂಟದ ಆಹ್ವಾನದ ಮೇರೆಗೆ ನೀಡಿದ ಉಪನ್ಯಾಸದ ಲಿಖಿತ ರೂಪ)



ಈ ವೇದಿಕೆಯಲ್ಲಿ ಸಾಮಾನ್ಯವಾಗಿ ಸಾಹಿತ್ಯ, ಸಂಗೀತ, ಅಧ್ಯಾತ್ಮಗಳ ವಿಚಾರ ನಡೆಯುವುದು ವಾಡಿಕೆ. ಹಳೆಯ ಕಾರಿನ ಪರೀಕ್ಷೆಯನ್ನು ಕುರಿತು ಮಾತನಾಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ, ಇದು ಈ ಸಭೆಗೆ ತಕ್ಕ ವಿಷಯವೆ ಎಂಬ ಶಂಕೆ ನನಗೂ ಮೂಡಿತು. ಆದರೆ ಮನೆಯೊಂದನ್ನು ಬಿಟ್ಟರೆ ನಮ್ಮ ಸಂಸಾರಗಳು ಈ ಅಮೆರಿಕದಲ್ಲಿ ಮಾಡುವ ಅತಿ ದೊಡ್ಡ ಖರೀದಿ ಕಾರಿನದೇ ಅಲ್ಲವೆ? ಮನೆ ಕೊಳ್ಳುವಾಗ ತಪ್ಪದೆ ತಜ್ಞನನ್ನು ಕರೆಸಿ ಮಾಡಿನಿಂದ ನೆಲಮಾಳಿಗೆಯವರೆಗೆ ತೋರಿಸುವ ನಾವು, ಕಾರನ್ನು ಮಾತ್ರ ಬಣ್ಣ ನೋಡಿ, ಚರ್ಮದ ಆಸನವನ್ನೊಮ್ಮೆ ಸವರಿ ಕೊಂಡುಬಿಡುತ್ತೇವೆ. ಅದರಲ್ಲೂ ಕಾರಿನ ಮೂತಿಯ ಮೇಲೆ ಮೂರು ಮೂಲೆಯ ನಕ್ಷತ್ರವಿದ್ದರೆ ನಮ್ಮ ವಿವೇಕಕ್ಕೆ ತುಸು ಮಂಕು ಕವಿಯುತ್ತದೆ.

ಈ ಮೋಹಕ್ಕೆ ಕಾರಣವಿಲ್ಲದಿಲ್ಲ. ಬೆಂಜ್, ಬಿ.ಎಂ.ಡಬ್ಲ್ಯು., ಆಡಿ ಮುಂತಾದ ಕಾರುಗಳನ್ನು ಇಲ್ಲಿ ಬಹುಮಂದಿ ಕೊಳ್ಳುವುದಿಲ್ಲ. ಮೂರು ವರ್ಷಕ್ಕೆ ಲೀಸ್ ತೆಗೆದುಕೊಂಡು ಹಿಂತಿರುಗಿಸುತ್ತಾರೆ. ಕಾರ್ಖಾನೆಯ ಮೂಲ ವಾರಂಟಿ ಸಾಮಾನ್ಯವಾಗಿ 4 ವರ್ಷ ಅಥವಾ 50,000 ಮೈಲಿ. ಅದು ಮುಗಿದೊಡನೆ ಬೆಲೆ ಜಾರತೊಡಗುತ್ತದೆ. ಹೊಸ ಕ್ಯಾಮ್ರಿಯ ಹಣಕ್ಕೆ ಐದು ವರ್ಷದ ಬೆಂಜ್ ಎದುರಿಗೆ ಬಂದು ನಿಲ್ಲುತ್ತದೆ. ಆದರೆ ಇಳಿದದ್ದು ಕಾರಿನ ಬೆಲೆಯೇ ಹೊರತು ಅದರ ಬಿಡಿಭಾಗಗಳ ಬೆಲೆಯಲ್ಲ. ಆನೆಯನ್ನು ಅಗ್ಗಕ್ಕೆ ಕೊಂಡವನಿಗೆ ಮೇವನ್ನು ಯಾರೂ ಅಗ್ಗಕ್ಕೆ ಕೊಡುವುದಿಲ್ಲ. ಆನೆಗೆ ರೋಗವಿದೆಯೆ ಎಂಬುದನ್ನು ಮೊದಲೇ ತಿಳಿಯುವುದು ಹೇಗೆ ಎಂಬುದಷ್ಟೇ ಇಂದಿನ ನನ್ನ ವಿಷಯ.

ಪರೀಕ್ಷೆ ಕಾರಿನ ಬಳಿ ಹೋಗುವುದಕ್ಕೆ ಮೊದಲೇ, ಅದರ ಜಾತಕದಿಂದ ಆರಂಭವಾಗಬೇಕು. 1981ರ ಮಾದರಿಯಿಂದೀಚೆಗೆ ಪ್ರತಿ ಕಾರಿಗೂ 17 ಅಕ್ಷರ-ಅಂಕಿಗಳ ಒಂದು ಗುರುತಿನ ಸಂಖ್ಯೆ ಇದೆ; ಇದನ್ನೇ ವಿನ್ ಎನ್ನುವುದು. ಒಂದು, ಸೊನ್ನೆಗಳೊಡನೆ ಗೊಂದಲವಾಗದಿರಲೆಂದು ಐ, ಓ, ಕ್ಯೂ ಅಕ್ಷರಗಳನ್ನು ಇದರಲ್ಲಿ ಬಳಸುವುದಿಲ್ಲ. ಮೊದಲನೆಯದು ತಯಾರಾದ ದೇಶವನ್ನು, ಹತ್ತನೆಯದು ಮಾದರಿ ವರ್ಷವನ್ನು ಹೇಳುತ್ತದೆ. ಡಬ್ಲ್ಯು ಎಂದರೆ ಜರ್ಮನಿ, ಜೆ ಎಂದರೆ ಜಪಾನು. ಜರ್ಮನಿಯಿಂದಲೇ ಬಂದ ಕಾರೆಂದು ಬಿ.ಎಂ.ಡಬ್ಲ್ಯು. ಎಕ್ಸ್-5ರ ಮುಂದೆ ನಿಂತು ಬೀಗುವ ಸ್ನೇಹಿತರು ಅದರ ಮೊದಲ ಅಂಕಿಯನ್ನು ನೋಡಬೇಕು. ಅಲ್ಲಿ 5 ಇದ್ದರೆ ಅದರ ತವರು ದಕ್ಷಿಣ ಕ್ಯಾರೊಲಿನಾದ ಸ್ಪಾರ್ಟನ್‌ಬರ್ಗ್.

ಮುಂಗಾಜಿನ ಕೆಳಗಿನ ಸಂಖ್ಯೆಯನ್ನು ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿರುವ ಚೀಟಿಯೊಡನೆ, ಟೈಟಲ್ ಪತ್ರದೊಡನೆ ತಾಳೆ ನೋಡಬೇಕು. ಅನೇಕ ಕಾರುಗಳಲ್ಲಿ ಬಾನೆಟ್, ಫೆಂಡರ್, ಬಾಗಿಲುಗಳ ಒಳಬದಿಯಲ್ಲೂ ಇದೇ ಸಂಖ್ಯೆಯ ಪುಟ್ಟ ಚೀಟಿಗಳಿರುತ್ತವೆ. ಆ ಚೀಟಿ ಇಲ್ಲದಿದ್ದರೆ, ಅಥವಾ ಅದರ ಮೇಲೆ ಆರ್ ಎಂಬ ಅಕ್ಷರವಿದ್ದರೆ, ಆ ಭಾಗ ಬದಲಾಗಿದೆ ಎಂದರ್ಥ. ಬದಲಾದದ್ದೆಲ್ಲ ಕೆಟ್ಟದ್ದೆಂದಲ್ಲ; ಆದರೆ “ಅಪಘಾತವೇ ಆಗಿಲ್ಲ ಸಾರ್” ಎಂದವನ ಮುಖವನ್ನು ಆಗೊಮ್ಮೆ ನೋಡಬೇಕು.

ಈ ಸಂಖ್ಯೆಯಿಂದ ಕಾರಿನ ಪೂರ್ವಚರಿತ್ರೆಯನ್ನು ತೆಗೆಸಬಹುದು. ಕಾರ್‌ಫ್ಯಾಕ್ಸಿನಂಥ ಖಾಸಗಿ ವರದಿಗಳನ್ನು ಎಲ್ಲರೂ ಬಲ್ಲರು. ಅವುಗಳಿಗೆ ವರದಿಯಾದದ್ದಷ್ಟೇ ಅವುಗಳಲ್ಲಿರುತ್ತದೆ. ಕೈಯಿಂದ ಹಣ ಕೊಟ್ಟು ಮೂಲೆಯ ಗ್ಯಾರೇಜಿನಲ್ಲಿ ಬಡಿಸಿದ ಡೊಂಕು ಯಾವ ವರದಿಗೂ ಬಾರದು. 1992ರ ಕಾಯಿದೆಯೊಂದರ ಫಲವಾಗಿ ಹುಟ್ಟಿದ ರಾಷ್ಟ್ರೀಯ ಟೈಟಲ್ ಮಾಹಿತಿ ಕೋಶವೂ ಇದೆ. ವಿಮಾ ಕಂಪನಿಗಳೂ ಗುಜರಿಯವರೂ ಅದಕ್ಕೆ ವರದಿ ಸಲ್ಲಿಸಲೇಬೇಕು. ಅಲ್ಪ ಶುಲ್ಕಕ್ಕೆ ದೊರೆಯುವ ಈ ವರದಿಯನ್ನು ನಮ್ಮವರು ಬಳಸುವುದು ಕಡಿಮೆ.

ಇದರ ಅಗತ್ಯ ತಿಳಿಯಬೇಕಾದರೆ ನೆರೆಯನ್ನು ನೆನೆಯಬೇಕು. 2005ರ ಕಟ್ರೀನಾ, 2017ರ ಹಾರ್ವಿ, 2022ರ ಇಯಾನ್ ಚಂಡಮಾರುತಗಳಲ್ಲಿ ಕಾರುಗಳು ರಾಶಿರಾಶಿಯಾಗಿ ಮುಳುಗಿದವು. ಹಾಗೆ ಮುಳುಗಿ ವಿಮೆಯವರ ಪಾಲಾದ ಕಾರಿನ ಟೈಟಲ್ ಮೇಲೆ ಸ್ಯಾಲ್ವೇಜ್ ಎಂಬ ಮುದ್ರೆ ಬೀಳುತ್ತದೆ. ನಿಯಮ ಸಡಿಲವಿರುವ ಇನ್ನೊಂದು ರಾಜ್ಯದಲ್ಲಿ ನೋಂದಾಯಿಸಿ ಆ ಮುದ್ರೆಯನ್ನು ಅಳಿಸುವ ವಂಚನೆಗೆ ಇಲ್ಲಿಯ ಭಾಷೆಯಲ್ಲಿ ಟೈಟಲ್ ತೊಳೆಯುವುದು ಎಂದೇ ಹೆಸರು. ಐಷಾರಾಮಿ ಕಾರಿಗೆ ನೆರೆ ನೀರು ಇತರ ಕಾರುಗಳಿಗಿಂತ ಹೆಚ್ಚು ಮಾರಕ. ಇವುಗಳಲ್ಲಿ ಹಲವು ಕಾರುಗಳ ಗಣಕಪೆಟ್ಟಿಗೆಗಳು ಆಸನದ ಅಡಿಯಲ್ಲಿ, ಕಾರ್ಪೆಟ್ಟಿನ ಕೆಳಗೆ ಕುಳಿತಿರುತ್ತವೆ. ನೀರು ಇಳಿದರೂ ತುಕ್ಕು ನಿಲ್ಲುವುದಿಲ್ಲ. ಇಂದು ಕಿಟಕಿ ಇಳಿಯದು, ಮುಂದಿನ ತಿಂಗಳು ಗೇರು ಬೀಳದು.

ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ: ಕೊನೆಯ ಮೊಳದಲ್ಲಿ ಕೆಸರಿನ ಗೆರೆ ಕಂಡೀತು. ಆಸನವನ್ನು ಬಿಗಿದ ಬೋಲ್ಟುಗಳಲ್ಲಿ ತುಕ್ಕಿದೆಯೆ, ಡಿಕ್ಕಿಯ ತಳದಲ್ಲಿ ಹೂಳು ಕುಳಿತಿದೆಯೆ ನೋಡಿರಿ. ಕಾರಿನೊಳಗೆ ಸುಗಂಧದ ಅಬ್ಬರ ಇದ್ದಷ್ಟೂ ಮೂಗನ್ನು ಕಾರ್ಪೆಟ್ಟಿನ ಹತ್ತಿರಕ್ಕೆ ಒಯ್ಯುವುದು ಒಳ್ಳೆಯದು.

ಓಡಿದ ಮೈಲಿಗಳ ಮಾತು. ಪ್ರತಿವರ್ಷ 4.5 ಲಕ್ಷಕ್ಕೂ ಹೆಚ್ಚು ಕಾರುಗಳು ಸುಳ್ಳು ಮೈಲಿಯೊಡನೆ ಮಾರಾಟವಾಗುತ್ತವೆಂದು ಇಲ್ಲಿಯ ಹೆದ್ದಾರಿ ಸುರಕ್ಷತಾ ಇಲಾಖೆಯ ಅಂದಾಜು. ಮೀಟರು 40,000 ತೋರಿಸುತ್ತಿದ್ದು, ಬ್ರೇಕ್ ಪೆಡಲಿನ ರಬ್ಬರು ಸವೆದು, ಚಾಲಕನ ಆಸನದ ಅಂಚು ಕುಸಿದಿದ್ದರೆ ನಾವು ನಂಬಬೇಕಾದದ್ದು ರಬ್ಬರನ್ನು.

ಇನ್ನು ಎಂಜಿನ್. ನೀವು ಹೋಗುವ ಹೊತ್ತಿಗೆ ಕಾರನ್ನು ಚಾಲೂ ಮಾಡಿಡಬಾರದೆಂದು ಮೊದಲೇ ತಿಳಿಸಿ, ಹೋದೊಡನೆ ಬಾನೆಟ್ಟನ್ನು ಮುಟ್ಟಿ ನೋಡಿರಿ. ಬಿಸಿಯಾಗಿದ್ದರೆ ಏನನ್ನೋ ಮರೆಸುವ ಯತ್ನವಿದ್ದೀತು. ತಣ್ಣಗಿನ ಎಂಜಿನ್ ಮೊದಲ ಅರ್ಧ ನಿಮಿಷದಲ್ಲಿ ನುಡಿಯುವಷ್ಟು ಸತ್ಯವನ್ನು ಮತ್ತೆ ನುಡಿಯುವುದಿಲ್ಲ: ಸರಪಳಿಯ ಕಟಕಟ, ನೀಲಿ ಹೊಗೆ ಎಲ್ಲವೂ ಆಗಲೇ. ನೀಲಿ ಹೊಗೆಯೆಂದರೆ ಎಣ್ಣೆ ಸುಡುತ್ತಿದೆ. ಬಿಳಿಯ ದಟ್ಟ ಹೊಗೆ ಬಹಳ ಹೊತ್ತು ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು.

1996ರ ಮಾದರಿಯಿಂದೀಚೆಗೆ ಇಲ್ಲಿ ಮಾರುವ ಪ್ರತಿ ಕಾರಿನಲ್ಲೂ ಸ್ಟೀರಿಂಗಿನ ಕೆಳಗೆ ಒಂದು ಸಾಕೆಟ್ ಇರುವುದು ಕಡ್ಡಾಯ. ಅದಕ್ಕೆ ಚುಚ್ಚುವ ಕೋಡ್ ರೀಡರ್ ಒಂದು ಹೋಟೆಲ್ ಊಟದ ಬೆಲೆಗೆ ಸಿಗುತ್ತದೆ. ಹಿಂದಿನ ದಿನ ದೋಷದ ಕೋಡುಗಳನ್ನೆಲ್ಲ ಅಳಿಸಿ, ಎಚ್ಚರಿಕೆಯ ದೀಪವನ್ನು ಆರಿಸಿ ತಂದು ನಿಲ್ಲಿಸುವವರುಂಟು. ಆದರೆ ಕೋಡು ಅಳಿಸಿದಾಗ ಕಾರಿನ ಸ್ವಪರೀಕ್ಷೆಗಳ ಫಲಿತಾಂಶವೂ ಅಳಿಸಿಹೋಗುತ್ತದೆ. ಅವು ಪೂರ್ಣಗೊಳ್ಳಲು ಮತ್ತೆ ಹಲವು ಸಲ ಓಡಿಸಬೇಕು. ರೀಡರಿನಲ್ಲಿ ಅವು ಅಪೂರ್ಣವೆಂದು ಕಂಡರೆ ಒಂದು ವಾರ ಬಿಟ್ಟು ಬರುತ್ತೇನೆಂದು ಹೇಳಿ ಹೊರಡಿರಿ.

ಒಂದೊಂದು ಮನೆತನಕ್ಕೂ ಒಂದೊಂದು ರೋಗ. ಬಿ.ಎಂ.ಡಬ್ಲ್ಯು.ವಿನ ಎನ್-63 ಎಂಬ ಎಂಟು ಸಿಲಿಂಡರಿನ ಎಂಜಿನ್ 2008ರಲ್ಲಿ ಬಂತು. ಅದರ ಟರ್ಬೊಗಳು ಎಂಜಿನ್ನಿನ ನಡುವೆಯೇ ಕುಳಿತು ಕಾಯುತ್ತವೆ. ಎಣ್ಣೆ ಕುಡಿಯುವ ಚಟ ಅದಕ್ಕೆ ಎಷ್ಟು ಅಂಟಿತೆಂದರೆ 2014ರಲ್ಲಿ ಕಂಪನಿಯೇ ವಿಶೇಷ ದುರಸ್ತಿ ಕಾರ್ಯಕ್ರಮ ಹೂಡಬೇಕಾಯಿತು. ಆ ಕೆಲಸ ಆಗಿದೆಯೆ ಎಂದು ರಸೀದಿ ಕೇಳಬೇಕು. 2000ದ ಆಸುಪಾಸಿನ ಪೋರ್ಷೆ ಕಾರುಗಳಲ್ಲಿ ಒಂದು ಪುಟ್ಟ ಬೇರಿಂಗ್ ಮುರಿದರೆ ಇಡೀ ಎಂಜಿನ್ನೇ ಹೋಗುತ್ತದೆ. ಗಾಳಿಚೀಲಗಳ ಮೇಲೆ ತೇಲುವ ಬೆಂಜ್ ಎಸ್-ಕ್ಲಾಸನ್ನು ರಾತ್ರಿಯಿಡೀ ನಿಲ್ಲಿಸಿದ ಸ್ಥಿತಿಯಲ್ಲೇ ನೋಡಬೇಕು; ಒಂದು ಮೂಲೆ ಕುಸಿದು ಮಂಡಿಯೂರಿದ್ದರೆ ಚೀಲ ಸೋರುತ್ತಿದೆ. 1989ರಲ್ಲಿ ಬಂದ ಲೆಕ್ಸಸ್ ಎಲ್.ಎಸ್. 400 ಗಟ್ಟಿತನಕ್ಕೆ ಹೆಸರಾಯಿತು, ಮನೆಗೆ ತರುವುದಾದರೆ ನನ್ನ ಒಲವು ಆ ವಂಶದ ಕಡೆಗೇ. ಆದರೂ ಟೈಮಿಂಗ್ ಬೆಲ್ಟ್ ಬದಲಿಸಿದ ದಾಖಲೆ ಇಲ್ಲದೆ ಆ ಹಳೆಯ ಕಾರನ್ನೂ ಕೊಳ್ಳಲಾರೆ.

ಹಣದ ಮಾತು ಹೀಗಾದರೆ ಪ್ರಾಣದ ಮಾತು ಬೇರೆ. ಟಕಾಟ ಕಂಪನಿಯ ಏರ್‌ಬ್ಯಾಗುಗಳು ಅಪಘಾತದಲ್ಲಿ ಸಿಡಿದು ಲೋಹದ ಚೂರುಗಳನ್ನು ಎರಚಿ, ಈ ದೇಶವೊಂದರಲ್ಲೇ 20ಕ್ಕೂ ಹೆಚ್ಚು ಜನರನ್ನು ಕೊಂದವು. ಇಲ್ಲಿ ಹಿಂತೆಗೆಯಬೇಕಾಗಿ ಬಂದ ಬ್ಯಾಗುಗಳು ಸುಮಾರು 6.7 ಕೋಟಿ. ಬಿ.ಎಂ.ಡಬ್ಲ್ಯು., ಬೆಂಜ್, ಆಡಿ, ಲೆಕ್ಸಸ್ ಯಾವುವೂ ಇದರಿಂದ ಹೊರತಾಗಿರಲಿಲ್ಲ. ಸೆಕೆ ಮತ್ತು ತೇವ ಹೆಚ್ಚಿರುವ ಫ್ಲಾರಿಡಾ, ಟೆಕ್ಸಸ್ ಕಡೆಯ ಕಾರುಗಳಲ್ಲಿ ಅಪಾಯ ಹೆಚ್ಚು. ದುರಸ್ತಿ ಉಚಿತ, ವಿನ್ ಸಂಖ್ಯೆ ಕೊಟ್ಟರೆ ಸುರಕ್ಷತಾ ಇಲಾಖೆ ಉಚಿತವಾಗಿಯೇ ವಿವರ ತಿಳಿಸುತ್ತದೆ. ಆದರೆ ಗಮನಿಸಿ: ಹೀಗೆ ದುರಸ್ತಿಯಾಗದ ಹಳೆಯ ಕಾರನ್ನು ಡೀಲರು ಮಾರಬಾರದೆಂಬ ಫೆಡರಲ್ ಕಾನೂನು ಇಲ್ಲ. ಅವನು ಹೇಳದಿದ್ದರೆ ನಾವೇ ಕೇಳಬೇಕು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹೊತ್ತಿ ಆರಬೇಕು. ಹೊತ್ತದೇ ಇದ್ದರೆ, ಒಳಗೆ ಬ್ಯಾಗೇ ಇಲ್ಲದ ಸಂಗತಿಯನ್ನು ಮುಚ್ಚಲು ದೀಪವನ್ನು ಕಿತ್ತಿರಬಹುದು. ಕಾಲೇಜಿಗೆ ಹೊರಟ ಮಗಳಿಗೆ ಕೊಡುವ ಕಾರಾದರೆ ಮೊದಲು ಈ ದೀಪವನ್ನು ನೋಡಿ, ಚರ್ಮದ ಆಸನವನ್ನು ಆಮೇಲೆ ನೋಡಬಹುದು.

ಇಷ್ಟೆಲ್ಲ ನೋಡಿದ ಮೇಲೂ ಆ ಬ್ರಾಂಡನ್ನು ಬಲ್ಲ ಸ್ವತಂತ್ರ ಮೆಕ್ಯಾನಿಕ್ ಒಬ್ಬನ ಗ್ಯಾರೇಜಿನಲ್ಲಿ ಕಾರನ್ನು ಮೇಲೆತ್ತಿಸಿ ತೋರಿಸಲೇಬೇಕು. ಕೆಲವು ನೂರು ಡಾಲರು ಹಿಡಿದೀತು. ಬೆಂಗಳೂರಿನಲ್ಲಿ ಹಳೆಯ ಫಿಯೆಟ್ ಕೊಳ್ಳುವಾಗ ಜೆ.ಸಿ. ರಸ್ತೆಯ ಕಡೆಯ ಪರಿಚಿತ ಮೇಸ್ತ್ರಿಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ ನಮ್ಮ ಹಿರಿಯರಿಗೆ ಇದು ಹೊಸ ಪದ್ಧತಿಯೇನಲ್ಲ.

ನಮಗೆ ಇಲ್ಲಿ ಅಡ್ಡ ಬರುವುದು ದಾಕ್ಷಿಣ್ಯ. ಮಾರುವವರು ನಮ್ಮ ಕೂಟದವರೇ, ಯುಗಾದಿಗೆ ಅವರ ಮನೆಯಲ್ಲಿ ಹೋಳಿಗೆ ತಿಂದಿದ್ದೇವೆ. ಮೆಕ್ಯಾನಿಕ್ಕಿಗೆ ತೋರಿಸುತ್ತೇನೆ ಎಂದರೆ ರಾಯರು ಏನೆಂದುಕೊಂಡಾರು? ಈ ಸಂಕೋಚದಿಂದ ಕಾರು ಕೊಂಡು, ಗೇರ್‌ಬಾಕ್ಸ್ ಕೆಟ್ಟು, ಕಡೆಗೆ ಎರಡು ಮನೆಗಳ ನಡುವೆ ಮಾತೇ ನಿಂತುಹೋದದ್ದನ್ನು ನಾನು ಬಲ್ಲೆ. ಮಾರಿದವರಿಗೆ ಆ ದೋಷ ತಿಳಿದೇ ಇರಲಿಲ್ಲವೆಂದು ನನ್ನ ನಂಬಿಕೆ. ಆದ್ದರಿಂದ ಮಾರುವವರಲ್ಲೇ ನನ್ನ ವಿನಂತಿ: ಪರೀಕ್ಷೆಯನ್ನು ನೀವೇ ಮಾಡಿಸಿ, ವರದಿಯನ್ನು ಕಾರಿನೊಡನೆ ಇಡಿ. ಆಗ ಕೇಳುವವರಿಗೂ ಸಂಕಟವಿಲ್ಲ, ಹೇಳುವವರಿಗೂ ಮುಜುಗರವಿಲ್ಲ.

ಡೀಲರಿಂದ ಕೊಳ್ಳುವವರು ಕಿಟಕಿಗೆ ಅಂಟಿಸಿದ ಬಯರ್ಸ್ ಗೈಡ್ ಎಂಬ ಹಾಳೆಯನ್ನು ಓದಬೇಕು. ಅದರಲ್ಲಿ ಆ್ಯಸ್ ಈಸ್ ಎಂಬ ಚೌಕಕ್ಕೆ ಗುರುತಿದ್ದರೆ, ಮಾರಾಟದ ನಂತರದ ದುರಸ್ತಿಯ ಹೊಣೆ ನಿಮ್ಮದು. ಕೆಲವು ರಾಜ್ಯಗಳು ಇಂಥ ಮಾರಾಟಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ವ್ಯವಹಾರ ಸ್ಪ್ಯಾನಿಷ್ ಭಾಷೆಯಲ್ಲಿ ನಡೆದರೆ ಹಾಳೆಯೂ ಸ್ಪ್ಯಾನಿಷಿನಲ್ಲಿರಬೇಕೆಂಬ ನಿಯಮವಿದೆ. ಕನ್ನಡಕ್ಕೆ ಆ ಭಾಗ್ಯ ಇನ್ನೂ ಬಂದಿಲ್ಲ. ಮೂರು ದಿನದೊಳಗೆ ಹಿಂತಿರುಗಿಸಬಹುದೆಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ಆ ಫೆಡರಲ್ ನಿಯಮ ಡೀಲರನ ಅಂಗಳದಲ್ಲಿ ಕೊಂಡ ಕಾರಿಗೆ ಅನ್ವಯಿಸುವುದಿಲ್ಲ.

ಹೊರಗೆ ನಿಂತಿರುವ ತಮ್ಮ ಕಾರುಗಳನ್ನೊಮ್ಮೆ ನೋಡಬೇಕೆಂದು ಕೆಲವು ಸದಸ್ಯರು ಈಗಾಗಲೇ ಕೇಳಿದ್ದಾರೆ. ಕೋಡ್ ರೀಡರನ್ನು ಜೊತೆಗೇ ತಂದಿದ್ದೇನೆ. ಊಟವಾದ ಮೇಲೆ ಬನ್ನಿ. ಎಂಜಿನ್ ಆ ವೇಳೆಗೆ ತಣ್ಣಗಾಗಿರುತ್ತದೆ.