ಜೀವಕೋಶದ ಗಂಟು ಮತ್ತು ನಮ್ಮ ಅರಿಶಿಣ
(ಖಟಕ ಚಿಂಚೋಳಿಯಲ್ಲಿ ವಿದ್ಯಾರ್ಥಿಗಳು ಮತ್ತು ಪಾಲಕರ ಮುಂದೆ ಮಾಡಿದ ಭಾಷಣ)



ಕನ್ನಡದಲ್ಲಿ ಜೀವಕೋಶ ಎನ್ನುತ್ತೇವೆ, ಉರ್ದುವಿನಲ್ಲಿ ಖಲಿಯಾ ಎನ್ನುತ್ತೇವೆ. ಹೆಸರು ಎರಡು, ವಸ್ತು ಒಂದೇ. ಅದರ ನಡುವಿನ ಕೋಶಕೇಂದ್ರದ ಅಗಲ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆದರೆ ಅದರೊಳಗಿನ ಡಿ.ಎನ್.ಎ. ಎಳೆಗಳನ್ನೆಲ್ಲ ಬಿಡಿಸಿ ಒಂದಕ್ಕೊಂದು ಜೋಡಿಸಿದರೆ ಸುಮಾರು 2 ಮೀಟರ್ ಉದ್ದ! ಇಷ್ಟುದ್ದದ ದಾರ ಅಷ್ಟು ಚಿಕ್ಕ ಜಾಗದಲ್ಲಿ ಹೇಗೆ ಹಿಡಿಯುತ್ತದೆ?

ದರ್ಜಿಯ ಅಂಗಡಿಯಲ್ಲಿ ದಾರದ ರೀಲು ನೋಡಿದ್ದೀರಲ್ಲವೇ? ಇಲ್ಲಿಯೂ ಹಾಗೆಯೇ. ಹಿಸ್ಟೋನ್ ಎಂಬ ಎಂಟು ಪ್ರೋಟೀನುಗಳು ಸೇರಿ ಒಂದು ರೀಲು ಆಗುತ್ತವೆ. ಡಿ.ಎನ್.ಎ. ಅದಕ್ಕೆ ಎರಡು ಸುತ್ತಿಗೆ ಸ್ವಲ್ಪ ಕಡಿಮೆ ಸುತ್ತಿಕೊಂಡು ಮುಂದಿನ ರೀಲಿಗೆ ಹೋಗುತ್ತದೆ. ಡಿ.ಎನ್.ಎ.ಗೆ ಋಣ ವಿದ್ಯುದಂಶ, ಹಿಸ್ಟೋನಿಗೆ ಧನ ವಿದ್ಯುದಂಶ. ಆದ್ದರಿಂದ ಹಿಡಿತ ಬಿಗಿ. 1974ರಲ್ಲಿ ರೋಜರ್ ಕಾರ್ನ್‌ಬರ್ಗ್ ಎಂಬ ವಿಜ್ಞಾನಿ ಈ ರಚನೆಯನ್ನು ವಿವರಿಸಿದರು.

ಬಿಗಿಯಾಗಿ ಕಟ್ಟಿಟ್ಟದ್ದನ್ನು ಓದಲಾಗದು. ಕಚೇರಿಯ ಹಳೆಯ ದಫ್ತರವನ್ನು ಬಟ್ಟೆಯಲ್ಲಿ ಕಟ್ಟಿಟ್ಟಿದ್ದರೆ, ಬೇಕಾದ ಕಾಗದ ನೋಡಲು ಗಂಟು ಬಿಚ್ಚಲೇಬೇಕು. ಕೋಶದಲ್ಲಿ ಈ ಕೆಲಸ ಕೆಲವು ಕಿಣ್ವಗಳದು. ಅವು ಹಿಸ್ಟೋನಿಗೆ ಅಸಿಟೈಲ್ ಎಂಬ ಸಣ್ಣ ತುಣುಕನ್ನು ಅಂಟಿಸಿದಾಗ ಧನ ವಿದ್ಯುದಂಶ ಕುಗ್ಗಿ ಹಿಡಿತ ಸಡಿಲವಾಗುತ್ತದೆ. ಅಲ್ಲಿಯ ಜೀನ್ ಕೆಲಸ ಮಾಡಲು ಅನುವಾಗುತ್ತದೆ. ಬೇರೆ ಕಿಣ್ವಗಳು ಆ ತುಣುಕನ್ನು ಕಿತ್ತು ಮತ್ತೆ ಬಿಗಿ ಮಾಡುತ್ತವೆ. ಕಣ್ಣಿನ ಕೋಶದಲ್ಲೂ ಯಕೃತ್ತಿನ ಕೋಶದಲ್ಲೂ ಇರುವ ಬರಹ ಒಂದೇ. ತೆರೆದ ಪುಟಗಳು ಮಾತ್ರ ಬೇರೆ ಬೇರೆ. ಮುಚ್ಚಿರಬೇಕಾದ ಪುಟ ತೆರೆದರೆ, ತೆರೆದಿರಬೇಕಾದದ್ದು ಮುಚ್ಚಿದರೆ ಕ್ಯಾನ್ಸರಿನಂಥ ರೋಗಕ್ಕೆ ದಾರಿಯಾಗಬಹುದು.

ಈ ವಿದ್ಯೆ ದೂರದ ದೇಶದ್ದೆಂದು ತಿಳಿಯಬೇಡಿ. ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. 2023ರಲ್ಲಿ ನಿಧನರಾದ ಪ್ರೊ. ಎಂ.ಆರ್.ಎಸ್. ರಾವ್ ಅವರು ಅಲ್ಲಿ ಈ ವಿಷಯದಲ್ಲಿ ಬಹುಕಾಲ ದುಡಿದರು. ಅದೇ ಕೇಂದ್ರದ ಪ್ರೊ. ತಪಸ್ ಕುಮಾರ್ ಕುಂಡು ಅವರ ತಂಡ 2004ರಲ್ಲಿ, ಅರಿಶಿಣದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶ 'ಪಿ-300' ಎಂಬ ಗಂಟು ಬಿಚ್ಚುವ ಕಿಣ್ವವನ್ನು ತಡೆಯುತ್ತದೆ ಎಂದು ತೋರಿಸಿತು. ಕೋಕಂ ಹಣ್ಣಿನ ಗಾರ್ಸಿನಾಲ್ ಕೂಡ ಇಂಥ ಕಿಣ್ವಗಳನ್ನು ತಡೆಯುತ್ತದೆಂದು ಅದೇ ವರ್ಷ ಪ್ರಕಟಿಸಿತು.

ಈಗ ಮುಖ್ಯವಾದ ಮಾತು. ಇದನ್ನು ಕೇಳಿ, "ಅರಿಶಿಣ ತಿಂದರೆ ಕ್ಯಾನ್ಸರ್ ವಾಸಿ" ಎಂದು ಯಾರೂ ಮನೆಗೆ ಹೋಗಬೇಡಿ. ಆ ಫಲಿತಾಂಶ ಬಂದದ್ದು ಪ್ರಯೋಗಾಲಯದಲ್ಲಿ. ನಾವು ತಿನ್ನುವ ಅರಿಶಿಣದಿಂದ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಬಹಳ ಕಡಿಮೆ. ಅಡುಗೆಗೆ ಅರಿಶಿಣ ಇರಲಿ, ರೋಗಕ್ಕೆ ವೈದ್ಯರಿರಲಿ. ವಾಸಿಯಾಗದ ಗಂಟು, ಬಾಯಿಯ ಹುಣ್ಣು ಕಂಡರೆ ತಡಮಾಡದೆ ತೋರಿಸಿ. ಬೀದರಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವಿದೆ. ಮನೆಮದ್ದಿನಲ್ಲಿ ಕಳೆದ ತಿಂಗಳುಗಳು ಮರಳಿ ಬರುವುದಿಲ್ಲ.

ವಿದ್ಯಾರ್ಥಿಗಳೇ, ಯಾರಾದರೂ ಔಷಧದ ಗುಣ ಹೊಗಳಿದರೆ ಒಂದೇ ಪ್ರಶ್ನೆ ಕೇಳಿರಿ: "ಇದನ್ನು ಪರೀಕ್ಷಿಸಿದ್ದು ಗಾಜಿನ ನಳಿಕೆಯಲ್ಲೋ, ರೋಗಿಗಳಲ್ಲೋ?" ಮನೆಯಲ್ಲಿ ಓದು ಬಾರದ ಅಜ್ಜಿಗೂ ಇದನ್ನು ಅವರ ಭಾಷೆಯಲ್ಲೇ ತಿಳಿಸಿ ಹೇಳಿರಿ. ಕಲಿತ ವಿಜ್ಞಾನ ಮನೆಮಂದಿಗೆ ಉಪಯೋಗವಾಗಬೇಕು.