ಮೂರನೇ ತಿಂಗಳಿಗೇ ಹೋಗೋ ಬಸಿರು, ಆರ್‌ಎನ್‌ಎ ಮೇಲಿನ ಒಂದು ಚುಕ್ಕೆ

(ಆಡಿಯೊ ಸಂಚಿಕೆಯ ಅಕ್ಷರರೂಪ)

ಮದ್ದೂರು ಸ್ಟೇಷನ್‌ನಲ್ಲಿ ಟ್ರೇನ್ ಕಾಯ್ತಾ ಇಯರ್‌ಫೋನ್ ಹಾಕ್ಕೊಂಡಿರೋರಿಗೆ, ಮಳವಳ್ಳಿ ಬಸ್‌ನಲ್ಲಿ ಹೆಂಗೋ ಕಿಟಕಿ ಪಕ್ಕದ ಸೀಟ್ ಹಿಡಿದಿರೋರಿಗೆ, ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಸ್ವಲ್ಪ ಭಾರ. ಇತ್ತೀಚೆಗೆ ನಿಮಗೇ ಬಸಿರು ಹೋಗಿದ್ದರೆ, ಈಗ ಕೇಳೋ ಮನಸ್ಸಿಲ್ಲ ಅನ್ನಿಸಿದರೆ, ನಿಲ್ಲಿಸಿ. ಇನ್ನೊಂದು ದಿನ ಕೇಳಬಹುದು.

ಹೋದ ತಿಂಗಳು ಮಳವಳ್ಳಿ ಕಡೆಯಿಂದ ಒಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದರು. ಹೆಸರು ಹೇಳಲ್ಲ. ಅವರ ಮಾತು ಹೀಗಿತ್ತು: "ಮೂರ್ ಸಲ ಆಯ್ತು ಕಣಕ್ಕ, ನಿಲ್ತಾನೇ ಇಲ್ಲ. ನಮ್ಮತ್ತೆ ಪರಂಗಿಹಣ್ಣು ತಿಂದಿದ್ಯಾ, ಎಳ್ಳು ತಿಂದಿದ್ಯಾ ಅಂತ ಕೇಳ್ತಾವ್ರೆ. ನಾನು ಮೊಬೈಲಲ್ಲಿ ನೋಡ್ದೆ, ಆರ್‌ಎನ್‌ಎನಲ್ಲಿ ಏನೋ ಬದಲಾವಣೆ ಆದ್ರೆ ಹಿಂಗಾಯ್ತದೆ ಅಂತ. ಅದ್ಕೆ ಟೆಸ್ಟ್ ಐತಾ? ಮಂಡ್ಯದಲ್ಲಿ ಮಾಡ್ತಾರಾ?"

ಮೊದಲು ಉತ್ತರ ಹೇಳಿಬಿಡ್ತೀನಿ. ಇಲ್ಲ ಅಕ್ಕ. ಮಂಡ್ಯದಲ್ಲೂ ಇಲ್ಲ, ಬೆಂಗಳೂರಲ್ಲೂ ಇಲ್ಲ. ಆ ಸಂಶೋಧನೆ ನಿಜ, ಆದರೆ ಅದಿನ್ನೂ ಲ್ಯಾಬ್ ಬಿಟ್ಟು ಹೊರಗೆ ಬಂದಿಲ್ಲ. ಯಾರಾದರೂ ದುಡ್ಡು ತಗೊಂಡು ಮಾಡಿಕೊಡ್ತೀನಿ ಅಂದರೆ ಎದ್ದು ಬನ್ನಿ.

ಹಂಗಂತ ಅದು ಸುಳ್ಳು ಸುದ್ದಿ ಅಲ್ಲ. ಅದಕ್ಕೇ ಈ ಸಂಚಿಕೆ.

ಆರ್‌ಎನ್‌ಎ ಅಂದರೇನು? ನಮ್ಮ ಮಂಡ್ಯದ ಭಾಷೆಯಲ್ಲಿ ಹೇಳೋದಾದರೆ ಸಕ್ಕರೆ ಕಾರ್ಖಾನೆಯ ಕಟಿಂಗ್ ಆರ್ಡರ್. ಯಾರ ಗದ್ದೆಯಲ್ಲಿ ಎಷ್ಟು ಕಬ್ಬು ಅನ್ನೋ ದೊಡ್ಡ ರಿಜಿಸ್ಟರ್ ಆಫೀಸಿನಲ್ಲೇ ಇರುತ್ತೆ, ಆಚೆ ಬರಲ್ಲ. ಅದು ಡಿಎನ್‌ಎ. ಅದರಿಂದ ಬೇಕಾದ ಒಂದು ಸಾಲು ಮಾತ್ರ ಚೀಟಿಯಲ್ಲಿ ಬರೆದು ಹೊರಗೆ ಕೊಡ್ತಾರೆ. ಆ ಚೀಟಿ ಆರ್‌ಎನ್‌ಎ. ಚೀಟಿ ಬಂದರೇ ಕೆಲಸ ಶುರು, ಅಂದರೆ ಪ್ರೋಟೀನ್ ತಯಾರಾಗೋದು.

ಈಗ ಆ ಚೀಟಿಯ ಮೇಲೆ ಫೀಲ್ಡ್‌ಮ್ಯಾನ್ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ ಇಡ್ತಾನೆ ಅಂತ ಇಟ್ಕೊಳ್ಳಿ. ಬರಹ ಬದಲಾಗಿಲ್ಲ. ಆದರೆ ಆ ಚುಕ್ಕೆ ನೋಡಿದವರಿಗೆ ಗೊತ್ತಾಗುತ್ತೆ, ಇದು ಅರ್ಜೆಂಟು, ಇದು ನಾಳೆ ಸಾಕು, ಇದನ್ನ ಹರಿದುಹಾಕು ಅಂತ. ನಮ್ಮ ಜೀವಕೋಶದಲ್ಲೂ ಇಂಥ ಚುಕ್ಕೆ ಇದೆ. ಒಂದು ಕಾರ್ಬನ್, ಮೂರು ಹೈಡ್ರೋಜನ್, ಅಷ್ಟೇ ಅದರ ಗಾತ್ರ. ಹೆಸರು ಎಂ6ಎ. 1974ರಲ್ಲೇ ಕಂಡುಹಿಡಿದಿದ್ದರು. ಹಾಕಿದ ಚುಕ್ಕೆಯನ್ನ ಅಳಿಸೋ ಪ್ರೋಟೀನ್ ಕೂಡ ಜೀವಕೋಶದಲ್ಲಿದೆ ಅಂತ ಗೊತ್ತಾಗಿದ್ದು 2011ರಲ್ಲಿ. ಅಲ್ಲಿಂದ ಈ ವಿಷಯಕ್ಕೆ ವೇಗ ಬಂತು. ಚುಕ್ಕೆ ಹಾಕೋರು ಬೇರೆ, ಅಳಿಸೋರು ಬೇರೆ, ಓದೋರು ಬೇರೆ. ಪೂರ್ತಿ ತಾಲ್ಲೂಕು ಆಫೀಸೇ ಅಂದ್ಕೊಳ್ಳಿ.

ಆರ್‌ಎನ್‌ಎ ಮೇಲಿನ ಗುರುತು ಎಷ್ಟು ಮುಖ್ಯ ಅನ್ನೋದಕ್ಕೆ ಇನ್ನೊಂದು ಸಾಕ್ಷಿ 2023ರ ನೊಬೆಲ್. ಕ್ಯಾಟಲಿನ್ ಕರಿಕೊ ಮತ್ತು ಡ್ರ್ಯೂ ವೈಸ್‌ಮನ್ ಅವರಿಗೆ ಬಂತಲ್ಲ, ಅದು ಇಂಥದ್ದೇ ಬೇರೊಂದು ಗುರುತಿನ ಕೆಲಸಕ್ಕೆ. ಆರ್‌ಎನ್‌ಎಯ ಒಂದು ಅಕ್ಷರವನ್ನ ಚೂರು ಮಾರ್ಪಡಿಸಿದರೆ ದೇಹ ಅದನ್ನ ಶತ್ರು ಅಂತ ಬೆಚ್ಚಿಬೀಳಲ್ಲ ಅಂತ ತೋರಿಸಿದರು. ಫೈಜರ್, ಮಾಡರ್ನಾ ಲಸಿಕೆ ಆಗಿದ್ದು ಹಾಗೆ. ನಮ್ಮಲ್ಲಿ ಬಹುತೇಕರು ಹಾಕಿಸ್ಕೊಂಡಿದ್ದು ಕೋವಿಶೀಲ್ಡ್, ಅದು ಬೇರೆ ತಂತ್ರ. ಇರಲಿ.

ಬಸಿರಿಗೆ ಬರೋಣ. ಭ್ರೂಣ ಗರ್ಭಕೋಶಕ್ಕೆ ಬಂದು ಅಂಟಿಕೊಂಡರೆ ಸಾಲದು, ಬೇರು ಬಿಡಬೇಕು. ಆ ಕೆಲಸ ಮಾಡೋದು ಟ್ರೋಫೋಬ್ಲಾಸ್ಟ್ ಅನ್ನೋ ಜೀವಕೋಶಗಳು. ಮುಂದೆ ಮಾಸು, ಅಂದರೆ ಪ್ಲಾಸೆಂಟಾ, ಆಗೋದು ಇವುಗಳಿಂದಲೇ. ಇವು ತಾಯಿಯ ಗರ್ಭಕೋಶದ ಒಳಪದರವನ್ನ ಮೆಲ್ಲಗೆ ಕೊರೆದು ಒಳಗೆ ಹೋಗಿ, ಅಲ್ಲಿನ ಸಣ್ಣ ರಕ್ತನಾಳಗಳನ್ನ ಅಗಲ ಮಾಡ್ತವೆ. ವಿ.ಸಿ. ನಾಲೆಯ ನೀರು ಮದ್ದೂರು, ಮಳವಳ್ಳಿಯ ಕೊನೇ ಗದ್ದೆಗೆ ಮುಟ್ಟಬೇಕಾದರೆ ಕಾಲುವೆಯ ಹೂಳು ತೆಗೆದಿರಬೇಕು ಅಲ್ವಾ? ಕೊನೆ ಭಾಗದ ರೈತರನ್ನ ಕೇಳಿ, ಆ ಸಂಕಟ ಅವರಿಗೆ ಗೊತ್ತು. ಇಲ್ಲೂ ಅಷ್ಟೇ. ಟ್ರೋಫೋಬ್ಲಾಸ್ಟ್ ಸರಿಯಾಗಿ ಒಳಗೆ ಹೋಗದಿದ್ದರೆ ಬಸಿರಿಗೆ ಬೇಕಾದ ಆಸರೆ ಸಿಗಲ್ಲ.

2019ರಲ್ಲಿ ಚೀನಾದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಪದೇ ಪದೇ ಗರ್ಭ ಹೋದ ಹೆಂಗಸರ ಮಾಸಿನ ಅಂಗಾಂಶದಲ್ಲಿ ಚುಕ್ಕೆ ಅಳಿಸೋ ಒಂದು ಪ್ರೋಟೀನ್ ಜಾಸ್ತಿ ಇತ್ತು. ಅದರ ಹೆಸರು ಎಎಲ್‌ಕೆಬಿಎಚ್5, ಬಾಯಿಗೆ ಬರಲ್ಲ, ನಾವು ರಬ್ಬರ್ ಅನ್ನೋಣ. ರಬ್ಬರ್ ಜಾಸ್ತಿಯಾಗಿ ಚುಕ್ಕೆ ಕಮ್ಮಿ ಆಗಿತ್ತು. ಚುಕ್ಕೆ ಹೋದಾಗ ಒಂದು ಮುಖ್ಯವಾದ ಚೀಟಿ ಬೇಗ ಹಾಳಾಗ್ತಿತ್ತು, ಟ್ರೋಫೋಬ್ಲಾಸ್ಟ್‌ಗೆ ಒಳಗೆ ನುಗ್ಗೋ ಶಕ್ತಿ ಇಳೀತಿತ್ತು. ಲ್ಯಾಬ್‌ನಲ್ಲಿ ರಬ್ಬರ್ ಕಮ್ಮಿ ಮಾಡಿದರು, ಜೀವಕೋಶಗಳು ಮತ್ತೆ ಚೆನ್ನಾಗಿ ಒಳಗೆ ಹೋದವು.

ಕೇಳೋಕೆ ಎಷ್ಟು ಚೆನ್ನಾಗಿದೆ! ಇಲ್ಲೇ ಕಥೆ ನಿಲ್ಲಿಸಿದರೆ ನೀವು ನಾಳೆನೇ ಲ್ಯಾಬ್ ಹುಡುಕ್ತೀರಿ. ಆದರೆ ಅದಾದ ಮೇಲೆ ಇನ್ನೊಂದು ತಂಡ ನೋಡಿದಾಗ ಬೇರೆಯದೇ ಕಂಡಿತು. ಗರ್ಭ ಹೋದವರಲ್ಲಿ ಎಫ್‌ಟಿಒ ಅನ್ನೋ ಇನ್ನೊಂದು ರಬ್ಬರ್ ಕಮ್ಮಿ, ಚುಕ್ಕೆ ಜಾಸ್ತಿ! ಒಂದು ಕಡೆ ಚುಕ್ಕೆ ಕಮ್ಮಿಯಾಗಿದ್ದು ತೊಂದರೆ, ಇನ್ನೊಂದು ಕಡೆ ಜಾಸ್ತಿಯಾಗಿದ್ದು ತೊಂದರೆ. ಎರಡೂ ನಿಜ ಇರಬಹುದು, ಬೇರೆ ಬೇರೆ ಚೀಟಿ, ಬೇರೆ ಬೇರೆ ವಾರದ ಬಸಿರು ಇರಬಹುದು. ಜೊತೆಗೆ ಇಂಥ ಅಧ್ಯಯನದಲ್ಲಿ ಇರೋದು ಕೆಲವೇ ಹೆಂಗಸರ ಸ್ಯಾಂಪಲ್. ಅದನ್ನ ತಗೊಳ್ಳೋದೂ ಬಸಿರು ಹೋದ ಮೇಲೆ. ಚುಕ್ಕೆ ಕೆಟ್ಟಿದ್ದಕ್ಕೆ ಬಸಿರು ಹೋಯ್ತಾ, ಬಸಿರು ಹೋಗ್ತಿದ್ದಾಗ ಚುಕ್ಕೆ ಕೆಟ್ಟಿತಾ? ಬೆಳೆ ಒಣಗಿದ ಮೇಲೆ ಗದ್ದೆಗೆ ಹೋಗಿ ಕಾರಣ ಹುಡುಕಿದ ಹಾಗೆ. ನನ್ನ ಪ್ರಕಾರ ಇದು ಟೆಸ್ಟ್ ಆಗೋಕೆ ಇನ್ನೂ ಬಹಳ ದಾರಿ ಇದೆ.

ಆದರೂ ಈ ಸಂಶೋಧನೆ ನನಗೆ ಇಷ್ಟ ಆಗೋಕೆ ಒಂದು ಕಾರಣ ಇದೆ. ಈ ಚುಕ್ಕೆ, ಈ ರಬ್ಬರ್, ಯಾವುದೂ ಸೊಸೆಯ ಕೈಯಲ್ಲಿಲ್ಲ. ಬಸ್ಸಿನಲ್ಲಿ ಹೋಗಿದ್ದಕ್ಕೆ, ಕೊಡ ಎತ್ತಿದ್ದಕ್ಕೆ, ಗ್ರಹಣದಲ್ಲಿ ಆಚೆ ಬಂದಿದ್ದಕ್ಕೆ ಇದು ಆಗಲ್ಲ. ಇನ್ನೊಂದು ಲೆಕ್ಕ ಕೇಳಿ. ಗೊತ್ತಾದ ನೂರು ಬಸಿರಿನಲ್ಲಿ ಸುಮಾರು 10ರಿಂದ 15 ತಾನಾಗೇ ಹೋಗ್ತವೆ, ಹೆಚ್ಚಿನವು ಮೊದಲ ಮೂರು ತಿಂಗಳಲ್ಲಿ. ಆ ಶುರುವಿನಲ್ಲಿ ಹೋಗೋದರಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಕಾರಣ ಭ್ರೂಣದ ಕ್ರೋಮೋಸೋಮ್ ಲೆಕ್ಕ ತಪ್ಪಿರೋದು. ಆ ತಪ್ಪು ಅಂಡದಿಂದ ಬರಬಹುದು, ವೀರ್ಯದಿಂದಲೂ ಬರಬಹುದು. ಅಪ್ಪನ ಕಡೆಯಿಂದಲೂ, ಕೇಳಿಸ್ತಾ? ಆದರೂ ಟೆಸ್ಟ್‌ಗೆ ಅಂತ ಆಸ್ಪತ್ರೆಯ ಕ್ಯೂನಲ್ಲಿ ನಿಂತಿರೋದು ಒಬ್ಬಳೇ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಕಷ್ಟ ಸೇರಿಕೊಂಡಿದೆ. ತಾನಾಗೇ ಹೋದರೂ 'ಅಬಾರ್ಷನ್ ಆಯ್ತು' ಅಂತೀವಿ, ಬೇಕು ಅಂತ ತೆಗೆಸಿದರೂ 'ಅಬಾರ್ಷನ್' ಅಂತೀವಿ. 2023ರ ನವೆಂಬರ್‌ನಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡಿ ಹೆಣ್ಣೋ ಗಂಡೋ ಹೇಳ್ತಿದ್ದ ಜಾಲ ಬಯಲಾಯ್ತಲ್ಲ, ಅದಾದ ಮೇಲೆ ಆ ಪದ ಕೇಳಿದರೆ ಪಕ್ಕದ ಮನೆಯವರ ತಲೆ ಎಲ್ಲಿಗೆ ಹೋಗುತ್ತೆ ಅಂತ ನಿಮಗೇ ಗೊತ್ತು. ಮೂರು ಸಲ ಕಳ್ಕೊಂಡವಳು ದುಃಖನೂ ಪಡಬೇಕು, ಅನುಮಾನಕ್ಕೆ ಉತ್ತರನೂ ಕೊಡಬೇಕು. ಅದಕ್ಕೇ ಎಷ್ಟೋ ಜನ ಡಾಕ್ಟರ್ ಹತ್ತಿರನೂ ಹಿಂದಿನದ್ದು ಹೇಳಲ್ಲ. ದಯವಿಟ್ಟು ಹೇಳಿ. ಎಷ್ಟನೇ ವಾರದಲ್ಲಿ ಹೋಯ್ತು, ಸ್ಕ್ಯಾನ್‌ನಲ್ಲಿ ಹೃದಯಬಡಿತ ಕಂಡಿತ್ತಾ, ಇವೆರಡು ಗೊತ್ತಾದರೂ ಡಾಕ್ಟರಿಗೆ ಅರ್ಧ ದಾರಿ ಸಿಗುತ್ತೆ.

ಹಾಗಾದರೆ ಈಗ ಮಾಡಿಸಬಹುದಾದ ಟೆಸ್ಟ್ ಯಾವುದು? ಈಗ ಅನೇಕ ಡಾಕ್ಟರುಗಳು ಎರಡು ಸಲ ಹೋದ ಮೇಲೇ ನೋಡೋಣ ಅಂತಾರೆ, ಮೂರರವರೆಗೆ ಕಾಯಬೇಕಿಲ್ಲ. ಥೈರಾಯ್ಡ್, ಸಕ್ಕರೆ, ಇವು ಸುಲಭ. ಗರ್ಭಕೋಶದ ಆಕಾರ ನೋಡೋಕೆ ಸ್ಕ್ಯಾನ್. ಇವುಗಳ ಜೊತೆ ಆಂಟಿಫಾಸ್ಫೋಲಿಪಿಡ್ ಅನ್ನೋ ರಕ್ತಪರೀಕ್ಷೆ. ಇದನ್ನ ಮರೆಯಬೇಡಿ, ಯಾಕಂದರೆ ಇದಕ್ಕೆ ಚಿಕಿತ್ಸೆ ಇದೆ, ಕಮ್ಮಿ ಡೋಸ್ ಆಸ್ಪಿರಿನ್ ಮತ್ತು ಹೆಪಾರಿನ್ ಇಂಜೆಕ್ಷನ್. ಒಂದು ಸಲ ಪಾಸಿಟಿವ್ ಬಂದರೆ ಸಾಲದು, 12 ವಾರ ಬಿಟ್ಟು ಮತ್ತೆ ಮಾಡಬೇಕು. ಪಾಸಿಟಿವ್ ಬರದೇ ಇದ್ದರೂ "ಇರಲಿ ಅಂತ" ಹೆಪಾರಿನ್ ಚುಚ್ಚಿಸ್ಕೊಳ್ಳೋದು ಬೇಡ, ಯಾಕೆ ಅಂತ ಡಾಕ್ಟರನ್ನ ಕೇಳಿ. ಅಗತ್ಯ ಬಿದ್ದರೆ ಗಂಡ ಹೆಂಡತಿ ಇಬ್ಬರಿಗೂ ಕ್ರೋಮೋಸೋಮ್ ಪರೀಕ್ಷೆ.

ಇನ್ನೊಂದು ಮಾತು, ಕೇಳೋಕೆ ಕಷ್ಟ. ಮತ್ತೆ ಬಸಿರು ಹೋಗೋ ಹಾಗಾದರೆ, ಹೊರಬಂದ ಅಂಗಾಂಶವನ್ನ ಕ್ರೋಮೋಸೋಮ್ ಪರೀಕ್ಷೆಗೆ ಕಳಿಸೋಕೆ ಆಗುತ್ತಾ ಅಂತ ಮೊದಲೇ ಕೇಳಿ. ಕಳಿಸೋದಾದರೆ ಫಾರ್ಮಾಲಿನ್‌ನಲ್ಲಿ ಹಾಕಬಾರದು, ಜೀವಕೋಶ ಸತ್ತುಹೋಗುತ್ತೆ. ಆ ಗಾಬರಿಯಲ್ಲಿ ಯಾರಿಗೂ ಇದು ನೆನಪಾಗಲ್ಲ.

ಎಲ್ಲಾ ಮಾಡಿಸಿದರೂ ಸುಮಾರು ಅರ್ಧ ಜನಕ್ಕೆ ಕಾರಣ ಸಿಗಲ್ಲ. ಆರ್‌ಎನ್‌ಎ ಸಂಶೋಧಕರು ಉತ್ತರ ಹುಡುಕ್ತಿರೋದು ಈ ಅರ್ಧಕ್ಕೆ. ಆದರೆ ಕಾರಣ ಸಿಗದವರಲ್ಲೂ ಹೆಚ್ಚಿನವರಿಗೆ, ವಯಸ್ಸಿನ ಮೇಲೆ ವ್ಯತ್ಯಾಸ ಆದರೂ, ಮುಂದೆ ಮಗು ಆಗುತ್ತೆ. ಮಳವಳ್ಳಿಯ ಅಕ್ಕನಿಗೆ ಇದನ್ನ ಫೋನ್‌ನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಇದ್ನ ನಮ್ಮತ್ತೆಗೆ ನೀವೇ ಹೇಳ್ತೀರಾ?"

ಗೆಜ್ಜಲಗೆರೆ, ಸೋಮನಹಳ್ಳಿ ಕಡೆ ಗಾರ್ಮೆಂಟ್ಸ್‌ಗೆ ಹೋಗೋ ಅಕ್ಕತಂಗಿಯರಿಗೆ ಒಂದು ವಿಷಯ. ಗರ್ಭ ಹೋದಾಗ 6 ವಾರ ಸಂಬಳ ಸಹಿತ ರಜೆ ಕಾನೂನಿನಲ್ಲೇ ಇದೆ, 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದ. ಇಎಸ್‌ಐ ಇದ್ದರೆ ಅಲ್ಲಿಂದ ಬರುತ್ತೆ. ದಾಖಲೆ ಕೇಳ್ತಾರೆ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಎಸೆಯಬೇಡಿ, ಒಂದು ಫೋಟೊ ತೆಗೆದು ಮೊಬೈಲಲ್ಲಿ ಇಟ್ಕೊಳ್ಳಿ. ಮುಂದಿನ ಸಲ ಡಾಕ್ಟರಿಗೂ ಅದೇ ಬೇಕು.

ಮುಂದಿನ ವಾರ ಅತ್ತೆಯವರ ಜೊತೆ ಮಾತಾಡಿದ್ದು ಏನಾಯ್ತು ಅಂತ ಹೇಳ್ತೀನಿ, ಅವರು ಒಪ್ಪಿದರೆ. ಸಿಗೋಣ.