ವಿಶೇಷ ಅಗತ್ಯವುಳ್ಳ ಮಕ್ಕಳು ಮತ್ತು ಅಂತರದೇಶೀಯ ದತ್ತು

ಪುಣೆಯಿಂದ ಅಹಿಲ್ಯಾನಗರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರು ದೂರದಲ್ಲಿ ರಾಂಜಣಗಾಂವ ಇದೆ. ಅಷ್ಟವಿನಾಯಕ ಕ್ಷೇತ್ರಗಳಲ್ಲೊಂದಾದ ಮಹಾಗಣಪತಿಯ ದೇವಾಲಯ ಒಂದೆಡೆ, ವಿಸ್ತಾರವಾದ ಕೈಗಾರಿಕಾ ಪ್ರದೇಶ ಇನ್ನೊಂದೆಡೆ. ಯಾತ್ರಿಕರೂ ದುಡಿಮೆಗಾಗಿ ಬಂದವರೂ ನಿತ್ಯ ಹಾದುಹೋಗುವ ಇಂತಹ ಊರಿನಲ್ಲಿ, ಸೀಳುತುಟಿಯೊಡನೆ ಹುಟ್ಟಿದ ಶಿಶುವೊಂದು ದಿಕ್ಕಿಲ್ಲದೆ ದೊರೆಯಿತೆಂದು ಉದಾಹರಣೆಗಾಗಿ ಇಟ್ಟುಕೊಳ್ಳಬಹುದು. ಆ ಶಿಶು ಮುಂದೆ ಎಲ್ಲಿ ಬೆಳೆಯುತ್ತದೆ, ಯಾರನ್ನು ಅಪ್ಪ ಅಮ್ಮ ಎಂದು ಕರೆಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೆಲವೊಮ್ಮೆ ಸಾವಿರಾರು ಮೈಲಿ ಆಚೆಯ ಒಂದು ಮನೆಯಲ್ಲಿ ಸಿಗುತ್ತದೆ. ಇದು ಹೇಗಾಗುತ್ತದೆ, ಏಕಾಗುತ್ತದೆ ಎಂಬುದನ್ನು ಸಾರ್ವಜನಿಕರು ತಿಳಿದಿರುವುದು ಅವಶ್ಯ.

ಮಗುವನ್ನು ಕಂಡವರು ಪೊಲೀಸರಿಗೆ, 1098 ಸಹಾಯವಾಣಿಗೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಗಳೊಳಗೆ ಈ ಕೆಲಸ ಆಗಬೇಕೆಂದು 2015ರ ಬಾಲ ನ್ಯಾಯ ಅಧಿನಿಯಮ ವಿಧಿಸಿದೆ, ತಿಳಿಸದಿರುವುದು ಅಪರಾಧ. ‘ಪಾಪ, ನಾವೇ ಸಾಕಿಕೊಳ್ಳೋಣ’ ಎಂಬ ಸದುದ್ದೇಶದಿಂದ ಮನೆಗೆ ಒಯ್ಯುವವರೂ ಉಂಟು. ಉದ್ದೇಶ ಒಳ್ಳೆಯದಾದರೂ ಇದರಿಂದ ಮಗುವಿಗೆ ಕಾನೂನಿನ ರಕ್ಷಣೆ ದೊರೆಯುವುದಿಲ್ಲ. ಸಮಿತಿಯು ಮಗುವನ್ನು ಮಾನ್ಯತೆ ಪಡೆದ ವಿಶೇಷ ದತ್ತು ಸಂಸ್ಥೆಯ ಆಶ್ರಯದಲ್ಲಿರಿಸಿ, ಹೆತ್ತವರಿಗಾಗಿ ವಿಚಾರಣೆ ನಡೆಸುತ್ತದೆ. ಯಾರೂ ಪತ್ತೆಯಾಗದಿದ್ದಲ್ಲಿ, ಎರಡು ವರ್ಷದವರೆಗಿನ ಮಗುವನ್ನು ಎರಡು ತಿಂಗಳೊಳಗೆ, ಅದಕ್ಕೂ ದೊಡ್ಡ ಮಗುವನ್ನು ನಾಲ್ಕು ತಿಂಗಳೊಳಗೆ ದತ್ತು ನೀಡಿಕೆಗೆ ಕಾನೂನುಬದ್ಧವಾಗಿ ಮುಕ್ತವೆಂದು ಘೋಷಿಸಬೇಕು.

ಇಲ್ಲಿಂದ ಮುಂದೆ ಎಲ್ಲ ಮಕ್ಕಳ ಹಾದಿ ಒಂದೇ ಆಗಿರುವುದಿಲ್ಲ. ಆರೋಗ್ಯವಂತ ಹಸುಗೂಸಿಗಾಗಿ ವರ್ಷಗಟ್ಟಲೆ ಕಾದಿರುವ ದಂಪತಿಗಳು ದೇಶದಲ್ಲಿ ಬಹಳ ಮಂದಿ ಇದ್ದಾರೆ. ಆದರೆ ವೈದ್ಯಕೀಯ ವರದಿಯಲ್ಲಿ ಹೃದಯದ ರಂಧ್ರ, ಕಿವುಡುತನ, ಸೊಟ್ಟ ಪಾದ ಎಂಬ ಒಂದು ಪದ ಕಂಡೊಡನೆ ಅನೇಕರು ಹಿಂಜರಿಯುತ್ತಾರೆ. ವಯಸ್ಸು ಐದು ದಾಟಿದ ಮಗುವಿನ, ಒಟ್ಟಿಗೇ ಇರಬೇಕಾದ ಅಣ್ಣ ತಂಗಿಯರ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ಹಿಂಜರಿಕೆಗೆ ಭಯ ಒಂದು ಕಾರಣ, ನೆಂಟರಿಷ್ಟರ ಮಾತು ಇನ್ನೊಂದು, ಚಿಕಿತ್ಸೆಯ ವೆಚ್ಚ ಮತ್ತೊಂದು. ಇವುಗಳಲ್ಲಿ ವೆಚ್ಚದ ಚಿಂತೆ ಸಾಧಾರವಾದುದು; ನೆಂಟರ ಮಾತಿಗೆ ಅಷ್ಟು ಬೆಲೆ ಕೊಡಬೇಕಾಗಿಲ್ಲ.

ಭಯವಂತೂ ಬಹುಮಟ್ಟಿಗೆ ತಿಳಿವಳಿಕೆಯ ಕೊರತೆಯಿಂದ ಹುಟ್ಟಿದ್ದು. ಸೀಳುತುಟಿಯನ್ನು ಶಿಶುವಿಗೆ ಕೆಲವು ತಿಂಗಳಾದಾಗಲೇ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಅಂಗುಳವೂ ಸೀಳಿದ್ದರೆ ಸಾಮಾನ್ಯವಾಗಿ ಒಂದೂವರೆ ವರ್ಷದೊಳಗೆ ಇನ್ನೊಂದು ಶಸ್ತ್ರಚಿಕಿತ್ಸೆ, ಅನಂತರ ಮಾತಿನ ತರಬೇತಿ ಬೇಕಾಗುತ್ತದೆ. ಸೊಟ್ಟ ಪಾದಕ್ಕೆ ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತ ಪಾದವನ್ನು ಹಂತಹಂತವಾಗಿ ತಿದ್ದಿ, ಬಳಿಕ ಕೆಲವು ವರ್ಷ ರಾತ್ರಿವೇಳೆ ಪಟ್ಟಿ ಹಾಕಿದ ಬೂಟು ತೊಡಿಸುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಇಂತಹ ಜನ್ಮದೋಷಗಳ ತಪಾಸಣೆ ಮತ್ತು ಚಿಕಿತ್ಸೆಯನ್ನು ಒಳಗೊಂಡಿದೆ. ಆದರೆ ಎಲ್ಲ ಸ್ಥಿತಿಗಳೂ ಇಷ್ಟು ಸುಲಭವಲ್ಲ. ಥಲಸ್ಸೀಮಿಯಾ ಇರುವ ಮಗುವಿಗೆ ಪದೇ ಪದೇ ರಕ್ತ ಕೊಡಿಸಬೇಕು. ಮೆದುಳಿನ ಪಾರ್ಶ್ವವಾಯು ಇರುವ ಮಗುವಿಗೆ ದಿನನಿತ್ಯದ ವ್ಯಾಯಾಮ, ಅದನ್ನು ಮಾಡಿಸಲು ಒಬ್ಬರ ಕೈ, ಆ ಕೈಗೆ ತಾಳ್ಮೆ ಬೇಕು. ಸಂಸ್ಥೆಯ ದಾದಿಯೊಬ್ಬಳು ಹಲವು ತೊಟ್ಟಿಲುಗಳ ನಡುವೆ ಓಡಾಡುತ್ತ ಇದನ್ನು ಎಷ್ಟರಮಟ್ಟಿಗೆ ಮಾಡಬಲ್ಲಳು? ಪುಣೆಯ ಸಸೂನ್ ಆಸ್ಪತ್ರೆಯ ಸ್ನೇಹಿತರ ಸಂಘ, ಅಂದರೆ ಸೋಫೋಶ್, ನಡೆಸುವ ‘ಶ್ರೀವತ್ಸ’ದಂತಹ ಮಕ್ಕಳ ಗೃಹಗಳು ಶ್ರದ್ಧೆಯಿಂದ ದುಡಿದರೂ ಗೃಹ ಮನೆಯಾಗಲಾರದು.

ಹೀಗಾಗಿಯೇ ಕಾನೂನು ಎರಡನೆಯ ಬಾಗಿಲನ್ನು ತೆರೆದಿಟ್ಟಿದೆ. ಮುಕ್ತವೆಂದು ಘೋಷಿತವಾದ ಮಗುವಿಗೆ 60 ದಿನಗಳೊಳಗೆ ಭಾರತೀಯ ಅಥವಾ ಅನಿವಾಸಿ ಭಾರತೀಯ ಪೋಷಕರು ದೊರೆಯದಿದ್ದರೆ ಅದನ್ನು ವಿದೇಶೀ ಕುಟುಂಬಕ್ಕೆ ನೀಡಬಹುದು. ಅಂಗವೈಕಲ್ಯವುಳ್ಳವರಿಗೆ, ಒಡಹುಟ್ಟಿದವರಿಗೆ ಹಾಗೂ ಐದು ವರ್ಷ ಮೀರಿದವರಿಗೆ ಇದರಲ್ಲಿ ಆದ್ಯತೆ ಕೊಡಬಹುದೆಂದು ಅಧಿನಿಯಮವೇ ಹೇಳುತ್ತದೆ.

ಈ ವ್ಯವಸ್ಥೆ ಒಮ್ಮೆಲೇ ರೂಪುಗೊಂಡುದಲ್ಲ. ಮೊದಲು ವಿದೇಶೀಯರು 1890ರ ಪಾಲಕರ ಮತ್ತು ಪಾಲಿತರ ಅಧಿನಿಯಮದಡಿ ಪಾಲಕತ್ವವನ್ನಷ್ಟೇ ಪಡೆದು ಮಗುವನ್ನು ಕರೆದೊಯ್ದು, ತಮ್ಮ ದೇಶದಲ್ಲಿ ದತ್ತು ಮಾಡಿಕೊಳ್ಳುತ್ತಿದ್ದರು. ನಡುವೆ ಏನಾದರೂ ಆದರೆ ಕೇಳುವವರಿರಲಿಲ್ಲ. ಅಕ್ರಮಗಳ ಬಗ್ಗೆ ವಕೀಲ ಲಕ್ಷ್ಮೀಕಾಂತ ಪಾಂಡೆ ಅವರು ಬರೆದ ಪತ್ರವನ್ನೇ ಸರ್ವೋಚ್ಚ ನ್ಯಾಯಾಲಯವು ರಿಟ್ ಅರ್ಜಿಯಾಗಿ ಸ್ವೀಕರಿಸಿತು. 1984ರ ಫೆಬ್ರವರಿ 6ರಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ನೀಡಿದ ತೀರ್ಪು, ಮಗುವಿಗೆ ಮೊದಲು ದೇಶದಲ್ಲೇ ಪೋಷಕರನ್ನು ಹುಡುಕಬೇಕೆಂದಿತು. ಆದರೆ ತುರ್ತು ಚಿಕಿತ್ಸೆ ಬೇಕಾದ ಅಥವಾ ಅಂಗವಿಕಲ ಮಗುವಿನ ವಿಷಯದಲ್ಲಿ ಕಾಯುತ್ತ ಕೂರಬೇಕಾಗಿಲ್ಲವೆಂದೂ ಸೇರಿಸಿತು. ಇಂದಿನ ಕಾನೂನಿನ ಬೀಜ ಈ ಮಾತಿನಲ್ಲಿದೆ. 1990ರಲ್ಲಿ ಕೇಂದ್ರ ದತ್ತು ಸಂಪನ್ಮೂಲ ಸಂಸ್ಥೆ ಸ್ಥಾಪನೆಯಾಯಿತು. ಈಗ ಅದು ಶಾಸನಬದ್ಧ ಪ್ರಾಧಿಕಾರ. 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅನುಮೋದಿಸಿತು.

ಎಷ್ಟು ನಿಯಮಗಳಿದ್ದರೂ ಹಣದಾಸೆ ಒಳನುಸುಳುವ ಅಪಾಯ ಇದ್ದೇ ಇದೆ. ಪುಣೆಯದೇ ಒಂದು ಸಂಸ್ಥೆಯ ಮೇಲೆ ದತ್ತು ವ್ಯವಹಾರದ ಅಕ್ರಮದ ಆರೋಪ ಬಂದು, 2010ರಲ್ಲಿ ಕೇಂದ್ರ ತನಿಖಾ ದಳ ಮೊಕದ್ದಮೆ ದಾಖಲಿಸಿತ್ತು. ಆದ್ದರಿಂದ ಈಗ ವಿದೇಶೀ ದಂಪತಿಗಳು ನೇರವಾಗಿ ಸಂಸ್ಥೆಯ ಬಾಗಿಲು ತಟ್ಟುವಂತಿಲ್ಲ. ತಮ್ಮ ದೇಶದ ಅಧಿಕೃತ ಸಂಸ್ಥೆಯ ಮೂಲಕ ಗೃಹ ಅಧ್ಯಯನ ವರದಿ ಸಲ್ಲಿಸಬೇಕು. ಮಗುವಿನ ವೈದ್ಯಕೀಯ ವರದಿಯನ್ನು ಓದಿ ಒಪ್ಪಬೇಕು. ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ದೊರೆಯಬೇಕು. ದತ್ತು ಆದೇಶವನ್ನು ಹಿಂದೆ ನ್ಯಾಯಾಲಯ ನೀಡುತ್ತಿತ್ತು. 2022ರ ಸೆಪ್ಟೆಂಬರ್ 1ರಿಂದ ಜಿಲ್ಲಾ ದಂಡಾಧಿಕಾರಿ ನೀಡುತ್ತಾರೆ. ಮಗುವಿಗೆ ಭಾರತೀಯ ಪಾಸ್‌ಪೋರ್ಟ್ ಆದ ಮೇಲೆ ಪೋಷಕರು ಸ್ವತಃ ಬಂದು ಕರೆದೊಯ್ಯಬೇಕು. ಅನಂತರ ಎರಡು ವರ್ಷ ಮಗುವಿನ ಬೆಳವಣಿಗೆಯ ವರದಿ ಬರುತ್ತಿರಬೇಕು: ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ. ಹೊಂದಾಣಿಕೆ ಮುರಿದು ಬಿದ್ದರೆ ಪರ್ಯಾಯ ವ್ಯವಸ್ಥೆಯಲ್ಲಿ ಅಲ್ಲಿನ ಭಾರತೀಯ ರಾಯಭಾರ ಕಚೇರಿಗೂ ಪಾತ್ರವಿದೆ.

2024–25ರಲ್ಲಿ ದೇಶದಲ್ಲಿ 4,515 ದತ್ತು ಪ್ರಕರಣಗಳು ಪೂರ್ಣಗೊಂಡವು. 4,155 ಮಕ್ಕಳು ದೇಶದೊಳಗೇ ಮನೆ ಕಂಡರು. ಹೊರಹೋಗುವವರ ಸಂಖ್ಯೆ ಜನ ಭಾವಿಸುವಷ್ಟು ದೊಡ್ಡದಲ್ಲ. ‘ನಮ್ಮ ಮಕ್ಕಳನ್ನು ಹೊರದೇಶಕ್ಕೆ ಕಳಿಸುತ್ತಾರೆ’ ಎಂಬ ಆಕ್ಷೇಪ ಎತ್ತುವವರು, ಆ ಮಗುವನ್ನು ಇಲ್ಲಿ ಎಷ್ಟು ಮನೆಗಳು ಬೇಡವೆಂದವು ಎಂಬುದನ್ನೂ ಕೇಳಿಕೊಳ್ಳಬೇಕಾಗುತ್ತದೆ.

ದತ್ತು ಹೋದ ಮಗು ಮುಂದೆ ತನ್ನ ಮೂಲವನ್ನು ಅರಸಿ ಬರಬಹುದು. ಹದಿನೆಂಟು ತುಂಬಿದ ಮೇಲೆ ಮೂಲಶೋಧನೆಗೆ ಸ್ವತಂತ್ರವಾಗಿ ಅರ್ಜಿ ಸಲ್ಲಿಸಲು ನಿಯಮಗಳಲ್ಲಿ ಅವಕಾಶವಿದೆ. ಹೆತ್ತ ತಾಯಿಯ ಗೋಪ್ಯತೆಗೆ ಧಕ್ಕೆ ಬಾರದಂತೆ ನೋಡಿಕೊಳ್ಳಲಾಗುತ್ತದೆ. ತೊರೆದುಹೋದ ಮಗುವಿನ ವಿಷಯದಲ್ಲಿ ಹೇಳಲು ಇರುವುದು ಬಹುಪಾಲು ಮೊದಲ ದಿನದ ಕಾಗದದಲ್ಲಿ ಬರೆದಷ್ಟೇ. ಹಾಗಾಗಿ ಮಗುವನ್ನು ಕಂಡವರು ಸ್ಥಳ, ಹೊತ್ತು, ಮೈಮೇಲಿದ್ದ ಬಟ್ಟೆ, ಕೈಯ ದಾರ, ಜೊತೆಗಿದ್ದ ಚೀಟಿ, ಇವಿಷ್ಟನ್ನೂ ಪೊಲೀಸರಲ್ಲಿ ತಪ್ಪದೆ ಬರೆಸಬೇಕು.